ಪೆರಿಯವರನ್ನು ಕೇಳಿ ಹೇಳುತ್ತೇನೆ

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಮದ್ರಾಸಿನ ಹಳೆಯ ಕಚೇರಿಯವರೊಬ್ಬರು ಬೇರೇನೋ ಕೆಲಸಕ್ಕೆ ಫೋನ್ ಮಾಡಿದವರು ಮಾತಿನ ನಡುವೆ, "ನಿಮ್ಮ ಸ್ನೇಹಿತರು ಹೋಗ್ಬಿಟ್ರಲ್ಲ, ಗೊತ್ತಾಯ್ತಲ್ವಾ?" ಎಂದರು. ಗೊತ್ತಾಗಿರಲಿಲ್ಲ. ಬೆಳಿಗ್ಗೆ ಎದ್ದು, ತಾವೇ ಕಾಫಿ ಮಾಡಿಕೊಂಡು ಕುಡಿದು, ಲೋಟ ತೊಳೆದು ಅದರ ಜಾಗದಲ್ಲಿ ಬೋರಲು ಹಾಕಿ, ಕುರ್ಚಿಯಲ್ಲಿ ಕೂತವರು ಹಾಗೇ ಹೋದರಂತೆ. ಯಾರನ್ನೂ ಕೂಗಲಿಲ್ಲವಂತೆ. ಅಂಥ ವಯಸ್ಸೇನೂ ಆಗಿರಲಿಲ್ಲ.

ಫೋನ್ ಇಟ್ಟ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ತೊಳೆದ ಲೋಟ. ಇನ್ನೊಂದು ಗಳಿಗೆಗೆ ಅದೇ ಲೋಟಕ್ಕೆ ಕೈ ಚಾಚುವ ಮನುಷ್ಯನಿಗೆ ತೊಂದರೆಯಾಗಬಾರದು. ಅವರು ಬದುಕಿದ್ದೇ ಹಾಗೆ.

ತೊಂಬತ್ತೇಳರಲ್ಲಿ ನನಗೆ ತುಮಕೂರಿನಿಂದ ಅಲ್ಲಿಗೆ ವರ್ಗವಾಯಿತು. ಚೆನ್ನೈ ಎಂಬ ಹೆಸರು ಆಗಷ್ಟೇ ಬೋರ್ಡುಗಳ ಮೇಲೆ ಹತ್ತಿತ್ತು. ಜನರ ಬಾಯಲ್ಲಿ ಇನ್ನೂ ಮದ್ರಾಸೇ. ಎಗ್ಮೋರ್ ಸ್ಟೇಷನ್ನಿಗೆ ಹತ್ತಿರದ ಒಂದು ವಿಮಾ ಕಚೇರಿ. ತಮಿಳು ಬಾರದ ನಾನು ಮೊದಲ ದಿನ ಊಟದ ಡಬ್ಬಿ ಹಿಡಿದುಕೊಂಡು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದಾಗ, ಎತ್ತರದ ತೆಳ್ಳನೆಯ ಮನುಷ್ಯರೊಬ್ಬರು ಎದ್ದು ಬಂದು, "ಬನ್ನಿ ಸಾರ್, ಇಲ್ಲಿ ಕೂರಿ. ಕವಲೆ ಬೇಡ. ಅಪ್ಪುರಂ ಎಲ್ಲಾ ಪಳಗಿಹೋಗತ್ತೆ" ಎಂದರು. ಅವರ ತಾತ ರೈಲ್ವೆ ಕೆಲಸಕ್ಕೆಂದು ಬಂದು ಅಲ್ಲೇ ನೆಲೆಸಿದವರು. ಮೂರು ತಲೆಮಾರಿನಿಂದ ಮನೆಯಲ್ಲಿ ಕನ್ನಡ ಉಳಿದಿತ್ತು, ಆದರೆ ಅದರ ಹೊಸಿಲು ದಾಟಿ ತಮಿಳು ಒಳಗೆ ಬಂದು ಆರಾಮವಾಗಿ ಕೂತಿತ್ತು. ಚಿಂತೆಗೆ ಕವಲೆ, ಆಮೇಲೆಗೆ ಅಪ್ಪುರಂ, ಸ್ವಲ್ಪಕ್ಕೆ ಕೊಂಜ. ನನಗೆ ಅವರ ಮಾತು ಕೇಳಿದ ಅಂದೇ ಆ ಊರಿನ ಭಯ ಅರ್ಧ ಇಳಿಯಿತು.

ಮಾತಾಡುವಾಗ ಎದುರಿನವರ ಮುಖವನ್ನು ಅವರು ಒಂದಿಷ್ಟು ಹೆಚ್ಚೇ ಹೊತ್ತು ನೋಡುತ್ತಿದ್ದರು. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಹುಬ್ಬಿನ ಹತ್ತಿರದ ಗಾಯದ ಕಲೆ, ಕಿವಿಯ ಮೇಲಿನ ಕೂದಲು, ಹೀಗೆ ಒಂದೊಂದನ್ನೇ ಎತ್ತಿಕೊಂಡು ಒಳಗಿಡುತ್ತಿರುವವರ ಹಾಗೆ ಆ ನೋಟ.

ಇನ್ನೊಂದು ಅಭ್ಯಾಸವೂ ಇತ್ತು. ಏನಾದರೂ ತೀರ್ಮಾನದ ಮಾತು ಬಂದರೆ, "ನಮ್ಮ ಪೆರಿಯವರನ್ನ ಕೇಳಿ ಹೇಳ್ತೀನಿ" ಎನ್ನುತ್ತಿದ್ದರು. ಪೆರಿಯವರು ಎಂದರೆ ಹಿರಿಯರು. ಕಚೇರಿಯ ಕೆಲವರು ಸೇರಿ ಅಣ್ಣಾನಗರದ ಕಡೆ ಫ್ಲ್ಯಾಟ್ ಕೊಳ್ಳುವಾಗ ಇವರನ್ನೂ ಕರೆದರು. ಮೂರನೆಯ ಮಹಡಿ, ಒಳ್ಳೆಯ ಗಾಳಿ. ಇವರು ಒಂದು ವಾರ ಬಿಟ್ಟು ಬಂದು, "ಪೆರಿಯವರಿಗೆ ಮೆಟ್ಟಿಲು ಆಗಲ್ಲ" ಎಂದು ಹೇಳಿ, ತಾಂಬರಂನ ಒಂದು ಬೀದಿಯ ಕೊನೆಯಲ್ಲಿ ಮೆಟ್ಟಿಲೂ ಹೊಸಿಲೂ ಇಲ್ಲದ ಹೆಂಚಿನ ಸಣ್ಣ ಮನೆ ತೆಗೆದುಕೊಂಡರು. ಮನೆಯಲ್ಲಿ ವಯಸ್ಸಾದ ತಂದೆ ಇರಬೇಕು ಅಂದುಕೊಂಡೆ. ಇಷ್ಟು ವಿಧೇಯ ಮಗ ಈ ಕಾಲದಲ್ಲಿ ಅಪರೂಪವೆಂದು ನನ್ನ ಹೆಂಡತಿಯ ಹತ್ತಿರ ಹೊಗಳಿದ್ದೂ ಉಂಟು.

ನಾನು ಕ್ರೋಂಪೇಟೆಯಲ್ಲಿದ್ದೆ, ಅವರು ಎರಡು ಸ್ಟೇಷನ್ ಮುಂದೆ. ಸಂಜೆ ಒಂದೇ ರೈಲು. ಆ ಡಿಸೆಂಬರಿನ ಒಂದು ಸಂಜೆ ಮಳೆ ಬಂದು ಎಗ್ಮೋರ್ ಸ್ಟೇಷನ್ನಿನ ಅರ್ಧ ದೀಪಗಳು ಹೋಗಿದ್ದವು. ಮೇಲ್ಸೇತುವೆಯ ಮೆಟ್ಟಿಲ ಬಳಿ ಅವರು ನಿಂತುಬಿಟ್ಟರು. ಜನ ಹಿಂದಿನಿಂದ ನೂಕುತ್ತಿದ್ದರು.

"ಸಾರ್, ಕೊಂಜ ಕೈ ಕೊಡಿ."

ಕೈ ಕೊಟ್ಟೆ. ಮಗುವಿನ ಹಾಗೆ ಪಾದ ಮುಂದಿಟ್ಟು ಅಂಚು ಹುಡುಕಿ ಹುಡುಕಿ ಇಳಿದರು. ರೈಲಿನಲ್ಲಿ ಜಾಗ ಸಿಕ್ಕಿ ಕೂತ ಮೇಲೆ, ಬೇರೆ ಯಾರದೋ ವಿಷಯ ಹೇಳುವವರಂತೆ ಹೇಳಿದರು.

"ಕತ್ತಲಾದ್ರೆ ನಂಗೆ ಕಾಣಲ್ಲ ಸಾರ್. ಹಗಲು ಕಾಣತ್ತೆ, ಆದ್ರೆ ಕೊಳವೆ ಒಳಗಿಂದ ನೋಡಿದ ಹಾಗೆ. ಕೊಳವೆ ವರ್ಷಾ ವರ್ಷಾ ಸಣ್ಣ ಆಗ್ತಾ ಇದೆ."

"ಡಾಕ್ಟ್ರು ಏನಂತಾರೆ?"

"ಒಳ್ಳೆ ಡಾಕ್ಟ್ರು. ಏನೂ ಮಾಡೋಕಾಗಲ್ಲ ಅಂತ ಸುತ್ತಿ ಬಳಸದೆ ಹೇಳಿದ್ರು. ನಮ್ಮಪ್ಪನಿಗೂ ಇದೇ ಇತ್ತು."

ಅವರ ತಂದೆ ಪೆರಂಬೂರಿನಲ್ಲಿ ರೈಲ್ವೆ ಗುಮಾಸ್ತರು. ಕಣ್ಣು ಹೋಗುತ್ತದೆಂದು ಅವರಿಗೂ ಮದುವೆಗೆ ಮುಂಚಿನಿಂದಲೇ ಗೊತ್ತಿತ್ತು. ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಕೂಡದು. ಕಣ್ಣು ಮಬ್ಬಾದಷ್ಟೂ ಸೈಕಲ್ಲನ್ನು ಇನ್ನೂ ಜೋರಾಗಿ ತುಳಿದರು. ಫೈಲುಗಳನ್ನು ಮನೆಗೆ ತಂದು ಹೆಂಡತಿಯ ಕೈಲಿ ಓದಿಸಿ, ಬಾಯಿಪಾಠ ಮಾಡಿಕೊಂಡು ಹೋಗಿ, ಕಾಣುವವರಂತೆ ನಟಿಸಿದರು. ಪೂರ್ತಿ ಕತ್ತಲಾದ ದಿನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತವರು, ಸಾಯುವವರೆಗೂ ತಿರುಗಿಸಲಿಲ್ಲ. ಅನ್ನ ಬಿಸಿಯಾಗಿದ್ದರೆ ತಟ್ಟೆ ಎಸೆಯುತ್ತಿದ್ದರು. ಆರಿದ್ದರೂ ಎಸೆಯುತ್ತಿದ್ದರು.

"ಒಬ್ಬ ಮನುಷ್ಯ ಬರ್ತಾ ಇದಾನೆ ಅಂತ ಅಪ್ಪನಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು ಸಾರ್. ಒಂದು ಸಲಾನೂ ಅವನ ಮುಖ ನೋಡೋ ಧೈರ್ಯ ಮಾಡ್ಲಿಲ್ಲ. ಅವನು ಬಂದು ನಿಂತಾಗ ಮನೇಲಿ ಅವನಿಗೆ ಒಂದು ಚಾಪೆ ಕೂಡ ಹಾಸಿರ್ಲಿಲ್ಲ."

ರೈಲು ಸೈದಾಪೇಟೆಯ ಸೇತುವೆ ದಾಟುತ್ತಿತ್ತು. ನನಗೆ ಆಗ ಹೊಳೆಯಿತು.

"ಹಾಗಾದ್ರೆ ಪೆರಿಯವರು ಅಂದ್ರೆ..."

"ನಾನೇ ಸಾರ್. ಮುಂದೆ ಬರೋ ನಾನು." ನಕ್ಕರು. "ಬೀದಿಯೋರು ಅಪ್ಪನ್ನ ಕುರುಡ ಅಂತ ಕೂಗ್ತಿದ್ರು. ಇವರನ್ನೂ ಹಾಗೇ ಕೂಗೋರು ಬೇಕಾದಷ್ಟು ಜನ ಇರ್ತಾರೆ. ನಾನಾದ್ರೂ ಮರ್ಯಾದೆ ಕೊಟ್ಟು ಕರೀತೀನಿ."

ಅವರ ಮನೆಗೆ ನಾನು ಮೊದಲ ಸಲ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಬಾಗಿಲು ತೆರೆದವರು ಅವರ ತಾಯಿ. ಹಜಾರದಲ್ಲಿ ಇವರು ಕಣ್ಣಿಗೆ ಟವೆಲ್ ಬಿಗಿದುಕೊಂಡು, ಕೈಗಳನ್ನು ಮೊಣಕಾಲ ಮೇಲಿಟ್ಟು ಸುಮ್ಮನೆ ಕೂತಿದ್ದರು. ತಾಯಿ ನನ್ನನ್ನು ಅಡುಗೆಮನೆಗೆ ಕರೆದು ಕಾಫಿ ಕೊಟ್ಟರು.

"ಪ್ರತೀ ವಾರ ಹೀಗೇ ಕೂರ್ತಾನೆ. ಇವರಪ್ಪ ಮುಂದೆ ಬರೋದನ್ನ ನೋಡ್ಲೇ ಇಲ್ಲ. ಇವನು ಅದನ್ನ ಬಿಟ್ಟು ಬೇರೇನೂ ನೋಡಲ್ಲ" ಎಂದರು.

ಟವೆಲ್ ಬಿಚ್ಚಿಕೊಂಡು ಬಂದವರನ್ನು ನಾನು ಕೇಳಿದೆ, "ಅಭ್ಯಾಸ ಮಾಡ್ಕೋತಿದೀರಾ?"

"ಅಭ್ಯಾಸ ಅಪ್ಪುರಂ. ಮೊದಲು ಪರಿಚಯ. ಶುರೂನಲ್ಲಿ ಟವೆಲ್ ಕಟ್ಟಿದ್ರೆ ಬರೀ ಹೆದರಿಕೆ ಆಗೋದು. ಆ ಮನುಷ್ಯ ಯಾರೋ ಬೇರೆಯೋನು ಅನ್ಸೋದು. ಬೇರೆಯೋರ ಕಷ್ಟಕ್ಕೆ ನಾವು ಎಷ್ಟು ಮರುಗ್ತೀವಿ ಹೇಳಿ? ಪೇಪರ್ ಓದಿ ಅಯ್ಯೋ ಪಾಪ ಅಂತೀವಿ, ಪುಟ ತಿರುಗಿಸ್ತೀವಿ. ಅವನಿಗೆ ಏನು ಬೇಕು ಅಂತ ಗೊತ್ತಿದ್ರೂ ಮಾಡಲ್ಲ. ಕೂತೂ ಕೂತೂ ಈಗ ಹತ್ತಿರ ಆಗಿದಾರೆ. ಅವರಿಗೆ ಬೇಜಾರಾದ್ರೆ ನಂಗೆ ಇಲ್ಲಿ ಗೊತ್ತಾಗತ್ತೆ" ಎಂದು ಎದೆ ಮುಟ್ಟಿಕೊಂಡರು.

ಹತ್ತಿರವಾದ ಮೇಲೆ ಆ ಪೆರಿಯವರಿಗಾಗಿ ಎಷ್ಟೆಲ್ಲ ಮಾಡಿದರು! ಅಧಿಕಾರಿಯ ಬಡ್ತಿ ಬಂದಾಗ, ಅದರ ಜೊತೆ ಊರೂರು ವರ್ಗವೂ ಬರುತ್ತದೆಂದು ಬೇಡವೆಂದರು. ಬದಲಿಗೆ ಟೆಲಿಫೋನ್ ಬೋರ್ಡಿಗೆ ಹಾಕಿಕೊಡಿ ಎಂದು ಅರ್ಜಿ ಕೊಟ್ಟರು. ಕ್ಲೇಮ್ಸ್ ವಿಭಾಗದಲ್ಲಿ ಅವರಷ್ಟು ಬಲ್ಲವರು ಇರಲಿಲ್ಲ. ಫೋನ್ ಎತ್ತಿ ಕನೆಕ್ಷನ್ ಕೊಡುವ ಕೆಲಸಕ್ಕೆ ಇಳಿಯುತ್ತಾರಲ್ಲ ಎಂದು ಮ್ಯಾನೇಜರು ತಲೆ ಚಚ್ಚಿಕೊಂಡರು. ಕೆಲವರು ಬೆನ್ನ ಹಿಂದೆ ನಕ್ಕರು. ಇವರು ಬೋರ್ಡಿನ ಮುಂದೆ ಕೂತು, ಕಣ್ಣು ಇನ್ನೂ ಇದ್ದಾಗಲೇ ಬೆರಳಿಗೆ ಅದರ ದಾರಿಗಳನ್ನು ಕಲಿಸಿದರು. ಸಾಸಿವೆ ಸಿಡಿಯುವ ಸದ್ದು ಕೇಳಿ ಒಗ್ಗರಣೆ ಹಾಕುವುದನ್ನು ತಾಯಿಯಿಂದ ಕಲಿತರು. ಬ್ರೈಲ್ ಕಲಿತರು. ಶರ್ಟುಗಳನ್ನೆಲ್ಲ ಬಿಳಿಯದೇ ಮಾಡಿಕೊಂಡರು, ಯಾವ ಪ್ಯಾಂಟಿಗೂ ಹೊಂದುತ್ತದೆ ಎಂದು.

ಊಟದ ಬಿಡುವಿನಲ್ಲಿ ಆಗಾಗ ಎಗ್ಮೋರಿನ ಮ್ಯೂಸಿಯಂಗೆ ಹೋಗುತ್ತಿದ್ದರು. ನಾನೂ ಜೊತೆಗೆ ಹೋಗಿದ್ದೇನೆ. ಕಂಚಿನ ವಿಗ್ರಹಗಳ ಕೋಣೆಯಲ್ಲಿ ಒಂದು ದಿನಕ್ಕೆ ಒಂದೇ ವಿಗ್ರಹ. ಅದರ ಮುಂದೆ ನಿಂತು, ಸೊಂಟದ ಬಾಗನ್ನೂ ಬೆರಳಿನ ಮಡಿಕೆಯನ್ನೂ ನೋಡುತ್ತಾ ನೋಡುತ್ತಾ, ಗಾಜಿನ ಈಚೆಯ ಗಾಳಿಯಲ್ಲಿ ತಮ್ಮ ಕೈಯಿಂದ ಅದನ್ನೇ ಬರೆಯುತ್ತಿದ್ದರು. ಕಾವಲಿನವನು ಮೊದಲು ಗದರಿಸಿದ. ಆಮೇಲೆ ಕುರ್ಚಿ ತಂದು ಹಾಕುವಷ್ಟು ಸ್ನೇಹವಾಯಿತು.

"ಬುತ್ತಿ ಕಟ್ತಾ ಇದೀನಿ ಸಾರ್" ಎನ್ನುತ್ತಿದ್ದರು. "ಅವರಿಗೆ ದಾರಿ ಉದ್ದ ಇದೆ."

ವಸಂತಾ ನಮ್ಮದೇ ಕಚೇರಿಯವರು, ಕೊಳ್ಳೇಗಾಲದ ಕಡೆಯವರು. ಮದ್ರಾಸಿಗೆ ಒಬ್ಬರೇ ಬಂದು ಕೀಲ್ಪಾಕಿನ ಹಾಸ್ಟೆಲಿನಲ್ಲಿದ್ದರು. ಮೂವತ್ತು ದಾಟಿತ್ತು. ತಂಗಿಯರ ಮದುವೆ ಮುಗಿಸುವುದರಲ್ಲಿ ತಮ್ಮದು ಹಿಂದೆ ಬಿದ್ದಿತ್ತು. ಗಟ್ಟಿ ದನಿ, ನೇರ ಮಾತು. ಕನ್ನಡದವರೆಂದು ಊಟಕ್ಕೆ ನಮ್ಮ ಜೊತೆ ಕೂರುತ್ತಿದ್ದವರು ಕ್ರಮೇಣ ಮ್ಯೂಸಿಯಂಗೂ ಬರತೊಡಗಿದರು. ವಿಗ್ರಹದ ಮುಂದೆ ಇವರು ನಿಂತರೆ, ವಸಂತಾ ಕಿಟಕಿಯ ಪಕ್ಕ ನಿಂತು ಇವರನ್ನು ನೋಡುತ್ತಿದ್ದರು. ಅವರಿಬ್ಬರ ನಡುವೆ ಏನು ಬೆಳೆಯುತ್ತಿದೆ ಎಂಬುದು ನನಗೂ ತಿಳಿಯುತ್ತಿತ್ತು, ಕಾವಲಿನವನಿಗೂ ತಿಳಿಯುತ್ತಿತ್ತು. ತಾಂಬರಂನ ಮನೆಗೆ ಒಂದು ಹಬ್ಬದ ದಿನ ವಸಂತಾ ಬಂದಾಗ ಇವರ ತಾಯಿ ಆ ಹೆಣ್ಣಿಗೆ ತಲೆ ಬಾಚಿ ಹೂ ಮುಡಿಸಿ ಕಳಿಸಿದರು.

ತೊಂಬತ್ತೊಂಬತ್ತರ ಒಂದು ಮಧ್ಯಾಹ್ನ ಮ್ಯೂಸಿಯಂನ ಮರದ ಕೆಳಗೆ ನಾವು ಮೂವರೂ ಕೂತಿದ್ದಾಗ ನಾನು ಕೈ ತೊಳೆಯಲು ಎದ್ದೆ.

"ನೀವೂ ಇರಿ ಸಾರ್. ಒಬ್ರು ಸಾಕ್ಷಿ ಬೇಕು" ಎಂದರು ವಸಂತಾ. ಆಮೇಲೆ ಇವರ ಕಡೆ ತಿರುಗಿ, "ನಿಮ್ಮ ಕಣ್ಣಿನ ವಿಚಾರ ಎಲ್ಲಾ ಗೊತ್ತಿದ್ದೇ ಕೇಳ್ತಾ ಇದೀನಿ. ನನ್ನ ಮದುವೆ ಆಗ್ತೀರಾ?"

ಇವರ ಕೈಯಲ್ಲಿದ್ದ ಮೊಸರನ್ನದ ತುತ್ತು ಡಬ್ಬಿಗೇ ಮರಳಿತು. ಮುಖ ಕೆಂಪಾಯಿತು. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಪೆರಿಯವರನ್ನ ಕೇಳಿ ಹೇಳ್ತೀನಿ" ಎಂದರು.

ಮುಂದಿನ ಸೋಮವಾರ ಅದೇ ಮರದ ಕೆಳಗೆ ಅವರು ಹೇಳಿದ್ದು ಬೇಡವೆಂದು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. "ನೀವು ನೋಡ್ತಾ ಇರೋದು ಈಗಿನ ನನ್ನ. ಕತ್ತಲಲ್ಲಿ ಕೂತು ಕೂತು ಮನುಷ್ಯ ಏನಾಗ್ತಾನೆ ಅಂತ ನಾನು ನೋಡಿದೀನಿ. ನಮ್ಮಮ್ಮನ ಹಣೇಲಿ ತಟ್ಟೆ ಅಂಚಿನ ಗುರುತು ಇನ್ನೂ ಇದೆ. ಅದು ನಿಮ್ಮ ಹಣೇಲಿ ಬೇಡ. ಅಪ್ಪುರಂ, ಮಗು ಆದ್ರೆ ಅದಕ್ಕೂ ಇದೇ ಬರಬೌದು. ಪೆರಿಯವರನ್ನ ಕೇಳ್ದೆ. ಒಬ್ಬರೇ ಇರ್ತಾರಂತೆ."

"ನಾನೂ ಅವರನ್ನ ಒಂದು ಮಾತು ಕೇಳ್ಬೌದಾ?"

"ಅವರು ಇನ್ನೂ ಬಂದಿಲ್ಲ, ವಸಂತಾ."

"ಮತ್ತೆ ನೀವು ಯಾರನ್ನ ಕೇಳಿದ್ರಿ?"

ಇವರು ಮರದಿಂದ ಬಿದ್ದ ಎಲೆಯೊಂದನ್ನು ಎತ್ತಿಕೊಂಡು ಅದರ ನರಗಳನ್ನು ಬೆರಳಿನಿಂದ ಸವರುತ್ತಾ ಕೂತರು. ವಸಂತಾ ಎದ್ದು ಸೆರಗು ಕೊಡವಿಕೊಂಡು ಒಬ್ಬರೇ ಕಚೇರಿಗೆ ನಡೆದರು.

ಅದೇ ವರ್ಷ ವಸಂತಾ ಸೇಲಂಗೆ ವರ್ಗ ಕೇಳಿ ಹೋದರು. ಮರುವರ್ಷ ಅಲ್ಲಿಯ ಒಬ್ಬ ಕಾಲೇಜು ಮೇಷ್ಟರನ್ನು, ಹೆಂಡತಿ ತೀರಿಕೊಂಡವರನ್ನು, ಮದುವೆಯಾದರು. ಆಹ್ವಾನ ನಮ್ಮಿಬ್ಬರಿಗೂ ಬಂತು. ನಾನು ಹೋಗಿ ಬಂದೆ. ಹೇಗಾಯಿತು ಎಂದು ಇವರು ಕೇಳಲಿಲ್ಲ. ಇವರ ತಾಯಿ ಕೇಳಿದರು. ಹೇಳಿದೆ. ಮುದುಕಿ ಒಲೆಯ ಮುಂದೆ ಕೂತು, ಹಜಾರದಲ್ಲಿದ್ದ ಮಗನಿಗೆ ಕೇಳುವಂತೆ ಹೇಳಿದರು:

"ನನ್ನ ಹಣೆ ಗುರುತು ಕಾಣ್ತಲ್ಲಪ್ಪ ಇವನಿಗೆ. ನಂಗೆ ಟೈಫಾಯ್ಡ್ ಬಂದು ಮಲಗಿದ್ದಾಗ, ಕಣ್ಣಿಲ್ಲದ ಮನುಷ್ಯ ತಡವರಿಸಿಕೊಂಡು ಗಂಜಿ ಕಾಯಿಸಿ ಕೈ ಸುಟ್ಕೊಂಡಿದ್ದು ಕಾಣ್ಲಿಲ್ಲ. ಇವನಿಗೆ ಆಗ ಕಣ್ಣು ಚೆನ್ನಾಗೇ ಇತ್ತು."



ಆ ತಾಯಿಯೂ ಎರಡು ವರ್ಷದಲ್ಲಿ ಹೋದರು. ಕೊನೆಗೆ ಮಗನ ಕೈ ಹಿಡಿದುಕೊಂಡು, "ಕಣ್ಣಾ, ಹುಷಾರು" ಎಂದರಂತೆ. ಮಗನನ್ನು ಹುಟ್ಟಿದಾಗಿನಿಂದ ಅವರು ಕರೆಯುತ್ತಿದ್ದದ್ದು ಹಾಗೇ, ತಮಿಳು ತಾಯಂದಿರು ಕರೆಯುವ ಹಾಗೆ.

ಅವರ ಕತ್ತಲೆ ಸಿನಿಮಾದಲ್ಲಿ ಆಗುವ ಹಾಗೆ ಒಂದು ದಿನ ಬಂದು ಕವಿಯಲಿಲ್ಲ. ಇಷ್ಟಿಷ್ಟೇ ಬಂತು. ಮೊದಲು ನನ್ನ ಮುಖ ಪೂರ್ತಿ ಕಾಣುವುದು ನಿಂತು, ಬರೀ ಮೂಗು ಕಂಡಿತು. ಆಮೇಲೆ ಕಿಟಕಿ ಎಲ್ಲಿದೆ ಎಂಬುದಷ್ಟೇ. ಎರಡು ಸಾವಿರದ ಐದರ ಹೊತ್ತಿಗೆ ಅದೂ ಇಲ್ಲ. ಒಂದು ಬೆಳಿಗ್ಗೆ ಕಚೇರಿಗೆ ಬಂದು, ಕೋಲನ್ನು ಬೋರ್ಡಿನ ಪಕ್ಕ ಒರಗಿಸಿ, ನನ್ನ ಹೆಜ್ಜೆ ಗುರುತಿಸಿ, "ಬಂದುಬಿಟ್ರು ಸಾರ್" ಎಂದರು. ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ.

ಅವರು ಕಟ್ಟಿಟ್ಟ ಬುತ್ತಿ ಬಹುಮಟ್ಟಿಗೆ ಒದಗಿತು. ಹೊಸಿಲಿಲ್ಲದ ಆ ಮನೆಯಲ್ಲಿ ಒಂದು ಸಲವೂ ಎಡವಲಿಲ್ಲ. ಫೋನಿನಲ್ಲಿ ಹಲೋ ಎಂದರೆ ಸಾಕು, ಪಾಲಿಸಿದಾರರ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಹಳ್ಳಿಗಳಿಂದ ಕ್ಲೇಮಿಗೆಂದು ಬಂದ ವಿಧವೆಯರು, ಫೋನಿನಲ್ಲಿ ಸಮಾಧಾನ ಹೇಳಿದ ಆ ಸಾರ್ ಯಾರು ಎಂದು ಹುಡುಕಿಕೊಂಡು ಬೋರ್ಡಿನ ಕೋಣೆಗೆ ಬರುತ್ತಿದ್ದರು. ಆದರೆ ಮರುವರ್ಷ ಕಚೇರಿಗೆ ಹೊಸ ಫೋನ್ ವ್ಯವಸ್ಥೆ ಬಂತು. ಕರೆಗಳು ತಾವೇ ತಮ್ಮ ದಾರಿ ಹಿಡಿದು ಹೋಗತೊಡಗಿದವು. ಬೋರ್ಡನ್ನು ಬಿಚ್ಚಿ ಒಯ್ದರು. ಕೆಲಸದಿಂದ ಯಾರೂ ತೆಗೆಯಲಿಲ್ಲ, ಸಂಬಳ ಬರುತ್ತಿತ್ತು. ಖಾಲಿ ಮೇಜಿನ ಮುಂದೆ ಅವರು ಬೆರಳುಗಳನ್ನು ಆಡಿಸುತ್ತಾ ಕೂತಿರುತ್ತಿದ್ದರು.

"ಪೆರಿಯವರಿಗೆ ಏನೇನು ಬೇಕು ಅಂತ ಎಲ್ಲಾ ಯೋಚಿಸಿದ್ದೆ. ಅವರು ಬರೋ ಹೊತ್ತಿಗೆ ಊರೇ ಬೇರೆ ಆಗಿರತ್ತೆ ಅಂತ ಯೋಚಿಸಿರ್ಲಿಲ್ಲ" ಎಂದರು. ದೂರಿನ ದನಿಯಲ್ಲ. ಕೆಲವು ತಿಂಗಳಲ್ಲಿ ಸ್ವಯಂ ನಿವೃತ್ತಿ ಪಡೆದರು.

ಭಾನುವಾರಗಳಂದು ನಾನು ಹೋಗುತ್ತಿದ್ದೆ. ಅವರೇ ಅಡುಗೆ ಮಾಡಿ ಬಡಿಸುತ್ತಿದ್ದರು. ಒಂದು ದಿನ ಸಾರು ಬಡಿಸುವಾಗ ಸೌಟು ತಪ್ಪಿ ನನ್ನ ಕೈ ಮೇಲೆ ಬಿಸಿ ಸಾರು ಬಿತ್ತು. ನಾನು ಚೀರಿದೆ. ಅವರು ಎಷ್ಟು ಗಾಬರಿಯಾದರೆಂದರೆ, ನೀರಿನ ತಂಬಿಗೆ ತಂದು ನನ್ನ ಕೈ ಹಿಡಿದು ಸುರಿದರು, ಉಫ್ ಉಫ್ ಎಂದು ಊದಿದರು, ಮತ್ತೆ ಮತ್ತೆ ಕ್ಷಮೆ ಕೇಳಿದರು. ನಾನು ನಗುತ್ತಾ, "ಬಿಡಿ ಸಾರ್, ತಟ್ಟೆ ಎಸೀಲಿಲ್ಲವಲ್ಲ" ಎಂದುಬಿಟ್ಟೆ. ತಮಾಷೆಗೆ ಹೇಳಿದ್ದು. ಅವರು ತಂಬಿಗೆ ಕೆಳಗಿಟ್ಟು ನೆಲದ ಮೇಲೆ ನನ್ನ ಪಕ್ಕ ಕೂತುಬಿಟ್ಟರು.

"ಇಲ್ಲ ಸಾರ್, ಎಸೀಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲ ಎಸೀಬೇಕು ಅಂತ ಅನ್ನಿಸಲೂ ಇಲ್ಲ. ಕಾಯ್ತಾ ಇದ್ದೆ. ಇವತ್ತು ಬರತ್ತೆ ಆ ಕೋಪ, ನಾಳೆ ಬರತ್ತೆ ಅಂತ. ಬರ್ಲೇ ಇಲ್ಲ."

ಸಾರಿನ ಪಾತ್ರೆಯಿಂದ ಇನ್ನೂ ಹಬೆ ಏಳುತ್ತಿತ್ತು.

"ಯಾರನ್ನ ಕೇಳಿದ್ರಿ ಅಂದ್ಲಲ್ಲ ವಸಂತಾ. ಈಗ ಗೊತ್ತಾಯ್ತು. ನಾನು ಅವತ್ತು ಕೇಳಿದ್ದು ಅಪ್ಪನ್ನ. ಮನೆ, ಕೆಲಸ, ಅಡುಗೆ, ಎಲ್ಲಾ ನನ್ನನ್ನೇ ಕೇಳಿ ಮಾಡ್ದೆ. ಅದು ಸರಿಯಾಗೇ ಬಂತು. ಅದೊಂದು ಮಾತ್ರ ಕಣ್ಣು ಮುಚ್ಚಿದ ಕೂಡಲೇ ಗೋಡೆ ಕಡೆ ತಿರುಗಿದ ಕುರ್ಚಿ ಕಾಣಿಸ್ತು. ಹೆದರಿದೆ. ಹೆದರಿದೋನು ಪೆರಿಯವರು ಏನಂತಾರೆ ಅಂತ ಕೇಳಿಸಿಕೊಳ್ಳಲೇ ಇಲ್ಲ." ತಂಬಿಗೆಯನ್ನು ಪಕ್ಕಕ್ಕೆ ಸರಿಸಿದರು. "ಯಾರ ಕೈಯಿಂದ ಅವಳನ್ನ ಉಳಿಸೋಕೆ ಅಂತ ಕಳಿಸಿದೆನೋ ಆ ಮನುಷ್ಯ ಬರ್ಲೇ ಇಲ್ಲ ಸಾರ್. ಬಂದೋನು ನಾನು. ನಂಗೆ ಅವಳು ಬೇಕಾಗಿತ್ತು."

ಮಗುವಿನ ವಿಷಯದ ಭಯವೂ ಇತ್ತಲ್ಲ, ಅದು ಸುಳ್ಳಾಗಿರಲಿಲ್ಲವಲ್ಲ ಎಂದು ಏನೋ ಹೇಳಹೋದೆ. "ಅದನ್ನ ಇಬ್ಬರೂ ಕೂತು ಯೋಚಿಸಬೌದಿತ್ತು" ಎಂದರು. ಆಮೇಲೆ ಎದ್ದು ಮಜ್ಜಿಗೆ ತಂದು ಬಡಿಸಿದರು. ಒಂದು ಹನಿಯೂ ಆಚೆ ಚೆಲ್ಲಲಿಲ್ಲ.

ನಾನು ಮದ್ರಾಸು ಬಿಡುವ ವರ್ಷದ ಬೇಸಿಗೆಯಲ್ಲಿ ವಸಂತಾ ಫೋನ್ ಮಾಡಿದರು. ಯಾವುದೋ ಮದುವೆಗೆ ಮಗಳನ್ನು ಕರೆದುಕೊಂಡು ಬಂದಿದ್ದೇನೆ, ಅವರನ್ನು ನೋಡಬಹುದೇ ಎಂದು. ನಾನು ಅವರನ್ನು ಕೇಳಿದೆ. ಈ ಸಲ ಯೋಚಿಸಲು ವಾರ ಬೇಕಾಗಲಿಲ್ಲ.

ನಾವು ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಬಟ್ಟೆಯ ವಿಷಯದಲ್ಲಿ ಎಂದೂ ತಪ್ಪದವರು, ಅಂದು ಶರ್ಟಿನ ಗುಂಡಿಗಳು ಒಂದೊಂದು ಕಾಜ ತಪ್ಪಿ ಕೂತಿದ್ದವು. ವಸಂತಾ ಅದನ್ನು ನೋಡಿದರು. ಕೈ ಒಂದಿಷ್ಟು ಮೇಲೆದ್ದು ಮತ್ತೆ ಇಳಿಯಿತು.

"ಚೆನ್ನಾಗಿದೀರಾ?" ಎಂದರು.

"ದನಿ ಅದೇ ಇದೆ" ಎಂದರು ಇವರು.

ಸೇಲಂನಿಂದ ತಂದ ಮಾವಿನಹಣ್ಣಿನ ಚೀಲವನ್ನು ವಸಂತಾ ಇವರ ಕೈಗೆ ಕೊಟ್ಟರು. ಕಾಫಿ ಬಂತು. ಗಂಡನ ಕೆಲಸ, ಸೇಲಂನ ಬಿಸಿಲು, ಹಳೆಯ ಮ್ಯಾನೇಜರ ಬೈಗುಳ, ಇವುಗಳ ಮಾತಾಯಿತು. ವಸಂತಾ ಅವರ ಗಂಡ ಒಳ್ಳೆಯವರೆಂದು ಆ ಮಾತುಗಳಲ್ಲೇ ತಿಳಿಯುತ್ತಿತ್ತು. ಇವರು ಅದಕ್ಕೆ ನಿಜವಾಗಿ ಸಂತೋಷಪಟ್ಟರು. ಹುಡುಗಿಗೆ ಎಂಟು ವರ್ಷವಿರಬಹುದು. ತಾಯಿಯ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಕಣ್ಣಿಲ್ಲದವರು ಹೇಗೆ ಇಷ್ಟು ಚೆನ್ನಾಗಿ ಕಾಫಿ ಮಾಡಿದರೆಂದು ಬೆರಗಾಗಿ ಅವರ ಹಿಂದೆಯೇ ಅಡುಗೆಮನೆಗೂ ಹಜಾರಕ್ಕೂ ಓಡಾಡಿದಳು.

ಹೊರಡುವ ಹೊತ್ತಾಯಿತು. ವಸಂತಾ ಎದ್ದು ನಿಂತರು. ಆಗ ಇವರು ಹುಡುಗಿಯನ್ನು ಹತ್ತಿರ ಕರೆದರು.

"ಒಂದು ಉಪಕಾರ ಮಾಡ್ತೀಯಾಮ್ಮಾ? ನಿಮ್ಮಮ್ಮನ್ನ ನಾನು ನೋಡಿ ತುಂಬ ವರ್ಷ ಆಯ್ತು. ನನ್ನ ಹತ್ರ ಇರೋದು ಆಗಿನ ಮುಖ. ಈಗ ಹೆಂಗಿದಾರೆ, ಕೊಂಜ ನೋಡಿ ಹೇಳು."

ಹುಡುಗಿ ತಿರುಗಿ ತಾಯಿಯನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು.

"ಅಮ್ಮಾ ಅಳುರಾಂಗ" ಎಂದಳು.

"ಗೊತ್ತಮ್ಮ. ಅದು ನಂಗೆ ಕೇಳಿಸ್ತಾ ಇದೆ. ಮುಖ ಹೇಳು."

ಹುಡುಗಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ವಸಂತಾ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳಿಗೆ ಕಾಣುವಂತೆ ಮುಖವನ್ನು ಬೆಳಕಿನ ಕಡೆ ತಿರುಗಿಸಿ ನಿಂತರು. ಇವರು ಹುಡುಗಿಯ ಎತ್ತರಕ್ಕೆ ಬಗ್ಗಿ ಕಿವಿಗೊಟ್ಟರು. ಅವಳು ಬೈತಲೆಯ ಪಕ್ಕದ ಬಿಳಿ ಕೂದಲಿನಿಂದ ಶುರುಮಾಡಿ, ತಮಿಳಿನಲ್ಲಿ, ಒಂದೊಂದಾಗಿ ಹೇಳತೊಡಗಿದಳು.